ಕಾರ್ನರಣ್ಣನ ಬೆರಳುಗಳು

ಅವನು ಕೈ ಮುಗಿದರೆ ಎರಡು ಅಂಗೈ ಕೂಡುವುದಿಲ್ಲ. ಬಲಗೈಯ ಉಂಗುರ ಬೆರಳು ಮತ್ತು ಕಿರುಬೆರಳು ಒಳಕ್ಕೆ ಬಾಗಿ ಹಾಗೇ ನಿಂತುಬಿಟ್ಟಿವೆ. ನಡುವೆ ಒಂದು ನಿಂಬೆಹಣ್ಣು ಹಿಡಿಸುವಷ್ಟು ಸಂದು. ಗುಡಿಯಲ್ಲಿ ನಿಂತಾಗ ತನ್ನ ಕೈಯನ್ನು ತಾನೇ ನೋಡಿಕೊಂಡು, "ನಂದು ಅರ್ಧಾನೇ ನಮಸ್ಕಾರ. ಉಳಿದಿದ್ದು ದೇವ್ರು ತಾನೇ ತುಂಬಿಸ್ಕೋಬೇಕು," ಎನ್ನುತ್ತಾನೆ. ಚಹಾ ಕುಡಿಯುವುದು ಇನ್ನೊಂದು ಫಜೀತಿ. ಕಪ್ಪು ಹಿಡಿದರೆ ಆ ಬೆರಳುಗಳು ಅದರ ಸುತ್ತ ಗಟ್ಟಿಯಾಗಿ ಕೂತುಬಿಡುತ್ತವೆ. ಕುಡಿದು ಮುಗಿದ ಮೇಲೆ ಎಡಗೈಯಿಂದ ಒಂದೊಂದೇ ಬೆರಳು ಬಿಡಿಸಿ ಕಪ್ಪನ್ನು ಕೆಳಗಿಡಬೇಕು. ವಾಡಿ ಸ್ಟೇಷನ್ನಿನ ಎದುರಿನ ಹೊಟೇಲಿನವನು ಎಷ್ಟೋ ಸಲ ಅವಸರದಲ್ಲಿ ಕಪ್ಪು ಎಳೆಯಲು ಹೋಗಿ ಬೈಸಿಕೊಂಡಿದ್ದಾನೆ.

ನಮ್ಮ ಕಡೆ ಅವನ ಹೆಸರು ಹೇಳಿ ಮನೆ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕಾರ್ನರ್ ಎಂದರೆ ಬಾಗಿಲ ತನಕ ಬಂದು ಬಿಟ್ಟುಹೋಗುತ್ತಾರೆ. ಕಬಡ್ಡಿಯಲ್ಲಿ ಏಳು ಜನ ಸಾಲಾಗಿ ನಿಂತಾಗ ಎಡತುದಿಯಲ್ಲಿ ನಿಲ್ಲುವವನಿಗೆ ಲೆಫ್ಟ್ ಕಾರ್ನರ್ ಎನ್ನುತ್ತಾರೆ. ದಾಳಿಗೆ ಬಂದವನ ಕಾಲಿನ ಗಿಣ್ಣು ಹಿಡಿದು, ಅವನ ಉಸಿರು ಮುಗಿಯುವ ತನಕ ಬಿಡದೆ ಇರುವುದು ಅವನ ಕೆಲಸ. ಹದಿನೇಳನೇ ವಯಸ್ಸಿನಿಂದ ಸುಮಾರು ಮೂವತ್ತಮೂರರ ತನಕ ಅವನು ಮಾಡಿದ್ದು ಇದೊಂದೇ. ಮಣ್ಣಿನ ಅಂಗಳದಿಂದ ಹಿಡಿದು, ಬಣ್ಣದ ದೀಪ ಉರಿಯುವ ಟೀವಿ ಲೀಗಿನ ಮ್ಯಾಟಿನ ತನಕ, ಜಾಗ ಮಾತ್ರ ಅದೇ ಎಡತುದಿ. ಚಪ್ಪಾಳೆಯೆಲ್ಲ ದಾಳಿ ಮಾಡುವ ರೇಡರ್‌ಗೆ ಹೋಗುತ್ತದಲ್ಲ ಎಂದು ನಾನು ಕೆಣಕಿದರೆ ಅವನ ಉತ್ತರ ಸಿದ್ಧವಿರುತ್ತಿತ್ತು: "ಅಂವ ಬರ್ತಾನ, ಹೋಗ್ತಾನ. ನಾ ಇಲ್ಲೇ ಇರಾಂವ."

ನಾನು ರೇಡರ್. ಅಂದರೆ, ಆಗಿದ್ದೆ. ಈಗ ಚಿತ್ತಾಪುರ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ಕೊರಳಲ್ಲಿ ಸೀಟಿ, ಸೊಂಟದ ಸುತ್ತ ಒಂದು ಬೊಜ್ಜು. ಈ ಸೀಟಿ ನನ್ನ ಕೊರಳಿಗೆ ಹೇಗೆ ಬಂತು ಎನ್ನುವುದನ್ನು ಹೇಳದೆ ಕಾರ್ನರಣ್ಣನ ವಿಷಯ ಹೇಳಲಿಕ್ಕೆ ಬರುವುದಿಲ್ಲ. ಇಷ್ಟು ವರ್ಷ ಹೇಳದೆ ಇದ್ದುದಕ್ಕೂ ಅದೇ ಕಾರಣ.

ಅವನು ರಾವೂರದವನು, ನನಗಿಂತ ಎರಡು ವರ್ಷ ದೊಡ್ಡವನು. ಅವನ ಅಪ್ಪ ಕಲ್ಲಿನ ಖಣಿಯಲ್ಲಿ ಪರಸಿ ಬಿಡಿಸುತ್ತಿದ್ದರು. ನಮ್ಮ ಕಡೆ ಮನೆಯ ನೆಲ, ಕಟ್ಟೆ, ಮಾಡು, ಕಡೆಗೆ ದನದ ಕೊಟ್ಟಿಗೆಗೂ ಹಾಸುವ ಚಪ್ಪಟೆ ಕಲ್ಲು ಅದು. ಭೂಮಿಯೊಳಗೆ ಪದರ ಪದರವಾಗಿ ಮಲಗಿರುತ್ತದೆ. ಸಂದಿಯಲ್ಲಿ ಉಳಿ ಇಟ್ಟು, ಸುತ್ತಿಗೆಯ ಸದ್ದು ಕೇಳಿ, ಯಾವ ಪದರ ಬಿಡುತ್ತದೆ ಎಂದು ತಿಳಿಯಬೇಕು. ಬಿಟ್ಟ ಕೂಡಲೇ ಬಗ್ಗಿ ಅಂಚಿನ ಕೆಳಗೆ ಬೆರಳು ಹಾಕಿ ಎತ್ತಬೇಕು. ತಡವಾದರೆ ಕಲ್ಲು ಕೂತು ಬೆರಳು ಹೋಗುತ್ತದೆ. ಅವಸರ ಮಾಡಿದರೆ ಕಲ್ಲು ಒಡೆಯುತ್ತದೆ. ರಜೆಯ ದಿನಗಳಲ್ಲಿ ಅಪ್ಪನ ಜೊತೆ ಹೋಗಿ ಅವನು ಕಲಿತದ್ದು ಈ ಬಗ್ಗುವುದು, ಈ ಕಾಯುವುದು. ಮುಂದೆ ದೊಡ್ಡ ದೊಡ್ಡ ಕೋಚುಗಳು ಅವನ ಹಿಡಿತ ನೋಡಿ ಯಾವ ಅಕಾಡೆಮಿ ಎಂದು ಕೇಳಿದರೆ, "ನಮ್ಮಪ್ಪನ ಖಣಿ" ಎನ್ನುತ್ತಿದ್ದ. ಅವರು ನಕ್ಕು ಸುಮ್ಮನಾಗುತ್ತಿದ್ದರಂತೆ.

ನಮ್ಮ ಅಂಗಳ ವಾಡಿಗೂ ರಾವೂರಕ್ಕೂ ನಡುವೆ, ರೈಲು ಹಳಿಯ ಪಕ್ಕದ ಬಯಲು. ಕಪ್ಪು ಮಣ್ಣು. ಅದರ ಮೇಲೆ ಗೆರೆ ಹಾಕಲು ಸುಣ್ಣ ತರುವವರು ಯಾರು? ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಡೆ ಬಿದ್ದಿರುತ್ತಿದ್ದ ಬಿಳಿ ಹುಡಿಯನ್ನು ಚೀಲದಲ್ಲಿ ತುಂಬಿ ತರುತ್ತಿದ್ದೆವು. ಗೆರೆ ತುಳಿದವನ ಪಾದ ಬೆಳ್ಳಗಾಗುತ್ತಿತ್ತು. ವಾದ ಬಂದರೆ ಕಾಲು ಎತ್ತಿ ತೋರಿಸಿದರೆ ಮುಗಿಯಿತು. ಗೆರೆಯ ವಿಷಯಕ್ಕೆ ಅಂಪೈರ್ ಬೇಕಿರಲಿಲ್ಲ. ಮೈ ಮುಟ್ಟಿದ್ದಕ್ಕೂ ಅಂಪೈರ್ ಇರಲಿಲ್ಲ. ಅದಕ್ಕೆ ಇದ್ದದ್ದು ಒಂದೇ ಕಟ್ಟಳೆ. ರೇಡರ್ ಮುಟ್ಟಿದರೆ, ಮುಟ್ಟಿಸಿಕೊಂಡವನು ತಾನೇ ಕೈ ಎತ್ತಿ ಹೊರಗೆ ಹೋಗಬೇಕು. ಯಾರೂ ಹೇಳಬಾರದು, ಯಾರೂ ಕೇಳಬಾರದು. ಕೈ ಎತ್ತದೆ ಉಳಿದವನನ್ನು ಮಾರನೇ ದಿನ ಆಟಕ್ಕೆ ಕರೆಯುತ್ತಿರಲಿಲ್ಲ. ಸೇಡಂ, ಮಳಖೇಡ, ಚಿಂಚೋಳಿ ಕಡೆಯ ಟೂರ್ನಮೆಂಟುಗಳಿಗೆ ಹೋದಾಗ ಅಲ್ಲಿಯವರು ನಮ್ಮನ್ನು ನೋಡಿ ನಗುತ್ತಿದ್ದರು. ಅಂಪೈರ್ ನೋಡದಿದ್ದರೂ ನಮ್ಮ ಹುಡುಗರು ಕೈ ಎತ್ತಿ ಹೊರಗೆ ನಡೆಯುತ್ತಿದ್ದರಲ್ಲ, ಅದಕ್ಕೆ.

ಕಾರ್ನರಣ್ಣನಿಗೆ ಇನ್ನೊಂದು ಅಭ್ಯಾಸ ಇತ್ತು, ಈಗಲೂ ಇದೆ. ಅವನು ಯಾರ ಮುಖವನ್ನೂ ನೋಡುವುದಿಲ್ಲ, ಪಾದ ನೋಡುತ್ತಾನೆ. "ಮಾರಿ ಒಂದ್ ಹೇಳ್ತದ, ಕಣ್ಣು ಇನ್ನೊಂದ್ ಹೇಳ್ತದ. ಹಿಮ್ಮಡ ಮಾತ್ರ ಎತ್ತ ಹೋಗೋದದ ಅತ್ತೇ ಇರ್ತದ ನೋಡು," ಎಂದು ನನಗೆ ಹೇಳಿಕೊಟ್ಟವನು ಅವನೇ. ಪ್ಲಾಟ್‌ಫಾರ್ಮಿನಲ್ಲಿ ಕೂತು ಪೇಪರಿನಿಂದ ಕಣ್ಣೆತ್ತದೆ, ಹೋಗುವವರ ಚಪ್ಪಲಿ ನೋಡಿಯೇ ಇಂಥವರ ಮಗ, ಇಂಥವರ ಸೊಸೆ ಎನ್ನುತ್ತಿದ್ದ. ನಮ್ಮಪ್ಪನಿಗೆ ಮೊಣಕಾಲು ಬೇನೆ ಶುರುವಾಗಿದ್ದನ್ನು ಡಾಕ್ಟರಿಗಿಂತ ಮೊದಲು ಹೇಳಿದವನು ಅವನು. ವೈನಿ, ಅಂದರೆ ಅವನ ಹೆಂಡತಿ, ಈ ವಿಷಯದಲ್ಲಿ ಇವತ್ತಿಗೂ ಅವನನ್ನು ಬಿಟ್ಟಿಲ್ಲ. "ನನ್ನ ನೋಡಲಿಕ್ಕ ಬಂದಾಗ ಮಾರಿ ನೋಡೇ ಇಲ್ರಿ ಇವರು. ಚಹಾ ತಂದ್ ಕೊಟ್ಟೆ, ಪಾದ ನೋಡಿದ್ರು, ಹೂಂ ಅಂದ್ರು. ಮದುವಿ ಆದ್ ಎಂಟು ದಿನಕ್ಕ, ನಿನ್ನ ಮೂಗಿನ್ಯಾಗ ಮೂಗುಬೊಟ್ಟು ಅದ ಏನು ಅಂತ ಕೇಳ್ಯಾರ!"

ನನಗೆ ಹದಿನಾರು, ಅವನಿಗೆ ಹದಿನೆಂಟು ಇದ್ದಾಗ ಕ್ರೀಡಾ ಹಾಸ್ಟೆಲಿನಿಂದ ಒಬ್ಬ ಕೋಚ್ ನಮ್ಮ ಅಂಗಳಕ್ಕೆ ಬಂದರು. ಒಬ್ಬ ಹುಡುಗನನ್ನು ಆರಿಸಿಕೊಂಡು ಹೋಗುತ್ತೇನೆ ಎಂದರು, ಒಬ್ಬನನ್ನು ಮಾತ್ರ. ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು, ಆ ಒಬ್ಬ ಕಾರ್ನರಣ್ಣ ಅಥವಾ ನಾನು. ಕೋಚ್ ಒಂದು ನೀಲಿ ಟ್ರ್ಯಾಕ್ ಸೂಟ್ ಹಾಕಿಕೊಂಡಿದ್ದರು, ತೋಳಿನ ಉದ್ದಕ್ಕೂ ಎರಡು ಬಿಳಿ ಪಟ್ಟಿ. ಸುಳ್ಳೇಕೆ, ನನಗೆ ಕಬಡ್ಡಿಗಿಂತ ಆ ಟ್ರ್ಯಾಕ್ ಸೂಟಿನ ಮೇಲೆ ಹೆಚ್ಚು ಆಸೆಯಾಯಿತು.

ನಮ್ಮಿಬ್ಬರನ್ನು ಎದುರು ಬದುರು ತಂಡದಲ್ಲಿ ಹಾಕಿದರು. ಅರ್ಧ ಗಂಟೆ ಆಟ. ಅವನು ನನ್ನನ್ನು ಎರಡು ಸಲ ಹಿಡಿದು ಮಣ್ಣಿಗೆ ಕೆಡವಿದ. ಕೋಚ್ ಅವನ ಕಡೆ ನೋಡಿ ತಲೆಯಾಡಿಸಿದ್ದನ್ನು ನಾನು ಕಂಡೆ. ಕೊನೆಯ ದಾಳಿ ನನ್ನದು. ಎಡ ಮೂಲೆಗೆ ನುಗ್ಗಿದೆ, ಅವನು ಬಗ್ಗಿ ಕೈ ಚಾಚಿದ, ನಾನು ಆ ಕೈಗೆ ಕಾಲ ತುದಿ ತಗುಲಿಸಲು ಒದ್ದೆ. ಅವನು ಕೈ ಹಿಂದೆಳೆದುಕೊಂಡ. ಕಾಲು ಗಾಳಿಯಲ್ಲಿ ಹೋಯಿತು. ತಗುಲಲಿಲ್ಲ. ತಗುಲಲಿಲ್ಲ ಎನ್ನುವುದು ಆ ಕ್ಷಣದಲ್ಲೇ ನನಗೆ ಗೊತ್ತಿತ್ತು. ನಡುಗೆರೆಗೆ ಓಡಿಬಂದು ನಾನು ಎರಡೂ ಕೈ ಎತ್ತಿ "ಕಾರ್ನರ್ ಔಟ್!" ಎಂದು ಕೂಗಿದೆ.

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ತಿರುವಿ ತಿರುವಿ ನೋಡಿಕೊಂಡ. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದ. ಅಲ್ಲಿಯ ತನಕ ಅವನು ನನ್ನ ಮುಖವನ್ನು ಹಾಗೆ ನೆಟ್ಟಗೆ ನೋಡಿದ್ದು ನನಗೆ ನೆನಪಿಲ್ಲ. ಪಾದ ನೋಡಿದ್ದರೆ ಸಿಕ್ಕಿಬೀಳುತ್ತಿದ್ದೆ, ಕಾಲು ನಡುಗುತ್ತಿತ್ತು.

"ಖರೇನೇನೋ?" ಎಂದ.

"ಖರೇ ಅಣ್ಣ. ಕಿರುಬೆರಳಿಗೆ ಮುಟ್ಟದ."

"ನನಗ ಗೊತ್ತೇ ಆಗಿಲ್ಲಲ್ಲೋ," ಎಂದ. ಸಿಟ್ಟಿನಿಂದ ಅಲ್ಲ, ಆಶ್ಚರ್ಯದಿಂದ. ಆಮೇಲೆ ಕೈ ಎತ್ತಿ ಹೊರಗೆ ನಡೆದ. ಕೋಚ್ ತಮ್ಮ ಪುಸ್ತಕದಲ್ಲಿ ನನ್ನ ಹೆಸರು ಬರೆದುಕೊಂಡರು. ಸಂಜೆ ಅವನೇ ನನ್ನನ್ನು ಸೈಕಲ್ ಮೇಲೆ ಕೂಡಿಸಿಕೊಂಡು ವಾಡಿಯ ನಮ್ಮ ಮನೆಯ ತನಕ ಬಿಟ್ಟುಹೋದ. ದಾರಿಯುದ್ದಕ್ಕೂ, ಹಾಸ್ಟೆಲಿನಲ್ಲಿ ಹೇಗಿರಬೇಕು, ಅನ್ನ ಎಷ್ಟು ತಿನ್ನಬೇಕು ಎಂದು ಹೇಳುತ್ತಲೇ ಇದ್ದ.

ಹಾಸ್ಟೆಲಿನಲ್ಲಿ ನಾನು ಹೇಳಿಕೊಳ್ಳುವಂಥದ್ದೇನೂ ಮಾಡಲಿಲ್ಲ. ರಾಜ್ಯ ಮಟ್ಟಕ್ಕೆ ಎರಡು ಸಲ ಹೋದೆ, ಎರಡು ಸಲವೂ ಹೊರಗೆ ಕೂತು ನೀರಿನ ಬಾಟಲಿ ಕಾಯ್ದೆ. ಆದರೆ ಆ ಸರ್ಟಿಫಿಕೇಟು ಇತ್ತು. ಅದರ ಬಲದ ಮೇಲೆ ದೈಹಿಕ ಶಿಕ್ಷಣದ ಕೋರ್ಸಿನಲ್ಲಿ ಸೀಟು ಸಿಕ್ಕಿತು, ಕೋರ್ಸಿನ ಮೇಲೆ ನೌಕರಿ ಸಿಕ್ಕಿತು, ನೌಕರಿಯ ಮೇಲೆ ಮದುವೆ, ಮನೆ, ಎಲ್ಲ. ಅಡಿಯ ಪರಸಿ ಒಂದನ್ನು ಎಳೆದರೆ ಮೇಲಿನವೆಲ್ಲ ಕುಸಿಯುತ್ತವೆ ಎಂದು ನನಗೆ ಯಾವತ್ತೂ ಅನಿಸುತ್ತಿತ್ತು. ಅದಕ್ಕೇ ಬಾಯಿ ಬಿಡಲಿಲ್ಲ.

ಅವನು ಖಣಿಗೆ ಹೋದ. ಸಂಜೆ ಆಟ, ಹಗಲು ಕಲ್ಲು, ಹೀಗೆ ಮೂರು ವರ್ಷ. ಮಳಖೇಡದ ಒಂದು ಟೂರ್ನಮೆಂಟಿನಲ್ಲಿ ಅವನು ಹಿಡಿದದ್ದನ್ನು ನೋಡಿ ಹೊರ ರಾಜ್ಯದ ತಂಡವೊಂದರವರು ಕರೆದುಕೊಂಡು ಹೋದರು. ಅಲ್ಲಿಂದ ಅವನ ನಸೀಬು ತೆರೆಯಿತು. ಟೀವಿ ಲೀಗು ಶುರುವಾದ ಮೇಲೆ ನಮ್ಮ ಕಾರ್ನರ್ ಟೀವಿಯಲ್ಲಿ ಕಾಣತೊಡಗಿದ. ಹತ್ತಾರು ಕ್ಯಾಮೆರಾ ಇದ್ದರೂ ಅವನ ಕಣ್ಣು ಮಾತ್ರ ಕೆಳಗೇ. ತಂಡದಲ್ಲಿ ಎಲ್ಲ ಉತ್ತರದ ಹುಡುಗರು. ಇವನಿಗೆ ಬರುತ್ತಿದ್ದದ್ದು ವಾಡಿಯ ದಖ್ಖನಿ ಉರ್ದು. ಎದುರಾಳಿಯ ಕಾಲು ಹಿಡಿದು "ಕೈಕು ಭಾಗ್ತಾ ರೇ?", ಯಾಕೋ ಓಡ್ತಿ, ಎನ್ನುತ್ತಿದ್ದನಂತೆ, ಬಿದ್ದವನೂ ನಗುತ್ತಿದ್ದನಂತೆ. ಊರಿನಿಂದ ಹೋಗುವಾಗ ವೈನಿ ಖಡಕ್ ರೊಟ್ಟಿ, ಚಟ್ನಿಪುಡಿಯಂಥ ಶೇಂಗಾ ಹಿಂಡಿ ಕಟ್ಟಿಕೊಡುತ್ತಿದ್ದಳು. ಹೊಟೇಲಿನ ಕೋಣೆಯಲ್ಲಿ ಇಡೀ ತಂಡ ಆ ಗಂಟಿನ ಸುತ್ತ ಕೂರುತ್ತಿತ್ತು ಎಂದು ಅವನು ಹೇಳುವಾಗ, ಗೆದ್ದ ಪಂದ್ಯಗಳಿಗಿಂತ ಅದರ ಬಗ್ಗೆ ಹೆಚ್ಚು ಹೆಮ್ಮೆ ಕಾಣುತ್ತಿತ್ತು.

ಆಟ ಅವನಿಗೆ ಕೊಟ್ಟಷ್ಟೇ ಕಿತ್ತುಕೊಳ್ಳುತ್ತಲೂ ಇತ್ತು. ಓಡುವವನ ಕಾಲು ಹಿಡಿದರೆ ಮೊದಲು ಎಳೆತ ಬೀಳುವುದು ಬೆರಳಿಗೆ. ಮುರಿದಿದ್ದು ಕೂಡುವುದರೊಳಗೆ ಮತ್ತೆ ಮುರಿಯುತ್ತಿತ್ತು. ಡಾಕ್ಟರ್ ಮೂರು ತಿಂಗಳು ಆಡಬೇಡ ಎಂದರೆ ಇವನು ಎರಡು ಬೆರಳನ್ನು ಸೇರಿಸಿ ಪಟ್ಟಿ ಸುತ್ತಿಕೊಂಡು ಮೂರನೇ ದಿನ ಇಳಿಯುತ್ತಿದ್ದ. ಪ್ರತಿ ಪಂದ್ಯ ಮುಗಿದ ಮೇಲೆ ನನಗೆ ಫೋನು. "ನೋಡಿದೇನೋ? ಆ ಎರಡನೇದು ಹಿಡಿದೆ ನೋಡು, ಅದು ನಿನ್ನ ಹಿಡಿದಂಗೇ ಇತ್ತು." ಅಂಥ ಹೊತ್ತಿನಲ್ಲಿ ನಾನು ಮಾತಿನ ನಡುವೆಯೇ ಫೋನು ಇಟ್ಟುಬಿಡುತ್ತಿದ್ದೆ. ಅವನಿಗೆ ಅದು ನೆಟ್‌ವರ್ಕ್ ತೊಂದರೆ ಅನಿಸುತ್ತಿತ್ತು.

ಆ ಪಂದ್ಯವನ್ನು ನಾವೆಲ್ಲ ವಾಡಿಯ ಹೊಟೇಲಿನ ಟೀವಿಯಲ್ಲಿ ನೋಡಿದೆವು. ಸಂಜೆ, ಮಿರ್ಚಿ ಭಜಿ, ಬೆಂಚಿನ ಮೇಲೂ ಕೆಳಗೂ ಜನ. ಅಂಕ ಸಮ. ಸಮವಾಗಿ ಮುಗಿದರೂ ಕಾರ್ನರಣ್ಣನ ತಂಡ ಮುಂದಿನ ಸುತ್ತಿಗೆ ಹೋಗುತ್ತಿತ್ತು, ಸೋತರೆ ಮನೆಗೆ. ಕೊನೆಯ ದಾಳಿ ಎದುರಾಳಿಯದು. ಅವನು ನೇರ ಎಡ ಮೂಲೆಗೆ ಬಂದ, ಹಿಂದಕ್ಕೆ ಒದ್ದ, ನಮ್ಮವನು ಕೈ ಎಳೆದುಕೊಂಡ, ರೇಡರ್ ತಲೆ ತಗ್ಗಿಸಿಕೊಂಡು ವಾಪಸು ನಡೆದ. ಮುಟ್ಟಲಿಲ್ಲ ಎಂದು ರೇಡರ್‌ಗೂ ಗೊತ್ತಿತ್ತು. ಅಂಪೈರ್ ಸೀಟಿಯನ್ನು ಬಾಯಿಗೆ ಇಟ್ಟಿದ್ದ. ಹೊಟೇಲಿನಲ್ಲಿ ನಾವೆಲ್ಲ ಎದ್ದು ನಿಂತು ಕುಣಿಯಲು ಶುರುಮಾಡಿದ್ದೆವು.

ಆಗ ಕಾರ್ನರಣ್ಣ ತನ್ನ ಬೆರಳು ನೋಡಿಕೊಂಡ. ತಿರುವಿ ತಿರುವಿ ನೋಡಿಕೊಂಡ. ಕೈ ಎತ್ತಿ ಹೊರಗೆ ನಡೆದ.

ಒಂದು ಅಂಕದಿಂದ ಸೋತರು. ತಂಡದ ರಿವ್ಯೂ ಆಗಲೇ ಮುಗಿದುಹೋಗಿತ್ತು, ಕೇಳಲು ದಾರಿಯಿರಲಿಲ್ಲ. ಆಮೇಲೆ ಟೀವಿಯವರು ಅದನ್ನು ನಿಧಾನವಾಗಿ, ದೊಡ್ಡದು ಮಾಡಿ, ಮತ್ತೆ ಮತ್ತೆ ತೋರಿಸಿದರು. ರೇಡರ್‌ನ ಕಾಲಿನ ಹೆಬ್ಬೆರಳು, ಇವನ ಕಿರುಬೆರಳು, ನಡುವೆ ಖಾಲಿ ಜಾಗ. ಮುಟ್ಟಿರಲಿಲ್ಲ. ಹೊಟೇಲಿನಲ್ಲಿ ಒಬ್ಬ "ಹುಚ್ಚ ಸೂಳೆಮಗ" ಎಂದು ಭಜಿಯ ಪ್ಲೇಟನ್ನು ಎಸೆದ. ನಾನು ಹೊರಗೆ ಬಂದು ಹಳಿಯ ಕಡೆ ಮುಖ ಮಾಡಿ ನಿಂತೆ. ಆ ಕೈ ಯಾಕೆ ಎದ್ದಿತು ಎನ್ನುವ ಗುಮಾನಿ ನನ್ನಲ್ಲಿ ಅವತ್ತೇ ಹುಟ್ಟಿತು. ಗುಮಾನಿ ಅಷ್ಟೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ.

ಮುಂದಿನ ವರ್ಷ ಯಾವ ತಂಡವೂ ಅವನನ್ನು ತೆಗೆದುಕೊಳ್ಳಲಿಲ್ಲ. ವಯಸ್ಸಾಯಿತು ಎಂದರು, ಬೆರಳು ಸರಿಯಿಲ್ಲ ಎಂದರು. ನಿಜವಾದ ಕಾರಣ ಎಲ್ಲರಿಗೂ ಗೊತ್ತಿತ್ತು. ಅವನು ಒಂದು ಚೀಲ ಹೆಗಲಿಗೆ ಹಾಕಿಕೊಂಡು ವಾಡಿ ಸ್ಟೇಷನ್ನಿನಲ್ಲಿ ಇಳಿದ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಡೆ ಮೇಲ್ವಿಚಾರಣೆಯ ಕೆಲಸ ಹಿಡಿದ. ನಮ್ಮ ಜನಕ್ಕೆ ಒಂದು ಆಟ ಸಿಕ್ಕಿತು. ಅವನು ಎದುರು ಬಂದರೆ ನಮಸ್ಕಾರದ ಬದಲು ಕೈ ಎತ್ತುವುದು. ಬಸ್ಸು ಹತ್ತಿದರೆ ಕಂಡಕ್ಟರ್, "ಮೊದ್ಲೇ ಕೈ ಎತ್ತಿ ಇಳದ್ ಬಿಡ್ತೀರೇನ್ ಸಾಹೇಬ್ರ, ಟಿಕೀಟ್ ಕೊಡ್ಲ್ಯಾ?" ಎನ್ನುವುದು. ಅವನೂ ನಕ್ಕು ತನ್ನ ಡೊಂಕು ಕೈ ಎತ್ತಿ ತೋರಿಸುತ್ತಿದ್ದ. ವೈನಿ ಮಾತ್ರ ನಗುತ್ತಿರಲಿಲ್ಲ. ಒಂದು ದಿನ ನನ್ನ ಹತ್ತಿರ ಹೇಳಿದಳು, "ಮಂದಿ ಮುಂದ ನಗ್ತಾರ್ರಿ. ಮನ್ಯಾಗ ಟೀವಿ ಹಚ್ಚಂಗಿಲ್ಲ. ಕಬಡ್ಡಿ ಬಂತಂದ್ರ ಎದ್ದು ಹೊರಗ ಹೋಗ್ತಾರ."

ಅವನನ್ನು ಮತ್ತೆ ಅಂಗಳಕ್ಕೆ ಎಳೆದವರು ಹುಡುಗಿಯರು. ರಾವೂರ, ವಾಡಿ ಕಡೆಯ ಹತ್ತು ಹನ್ನೆರಡು ಹೈಸ್ಕೂಲು ಹುಡುಗಿಯರು ಒಂದು ತಂಡ ಕಟ್ಟಿಕೊಂಡು, ಹಿಡಿಯುವುದು ಕಲಿಸಿ ಎಂದು ಅವನ ಬಾಗಿಲಿಗೆ ಹೋಗಿ ಕೂತರು. ಎರಡು ದಿನ ಆಗುವುದಿಲ್ಲ ಎಂದ. ಮೂರನೇ ದಿನ ಒಬ್ಬಳ ಪಾದ ನೋಡಿ, "ನೀ ಬಲಗಾಲ ಮ್ಯಾಲ ಭಾರ ಹಾಕ್ತಿ, ಅದು ಬಿಡು," ಎಂದನಂತೆ. ಅಲ್ಲಿಗೆ ಮುಗಿಯಿತು. ನಾನೂ ರವಿವಾರ ಚಿತ್ತಾಪುರದಿಂದ ಹೋಗಿ ಸೀಟಿ ಊದುತ್ತಿದ್ದೆ. ಹುಡುಗಿಯರ ಮುಂದೆ ಅವನು ನನ್ನನ್ನು "ಮಾಸ್ತರ್ರ, ಬರ್ರಿ, ಕುಂದ್ರಿ" ಎಂದು ಬಹುವಚನದಲ್ಲಿ ಕರೆಯುತ್ತಿದ್ದ. ನನಗೆ ಮುಜುಗರವಾಗುತ್ತಿತ್ತು.

ಹಿಂದಿನ ಚಳಿಗಾಲದ ಒಂದು ಶನಿವಾರ. ಶಾಲೆ ಅರ್ಧ ದಿನ, ನಾನು ಬೇಗ ಹೋಗಿದ್ದೆ. ಆಟ ಮುಗಿಸಿ ಎಲ್ಲರೂ ಗೆರೆಯ ಆಚೆ ಕೂತು ಮಂಡಕ್ಕಿಯ ಸೂಸಲಾ ತಿನ್ನುತ್ತಿದ್ದೆವು. ತಂಡದ ನಾಯಕಿ, ಬಾಯಿ ಜೋರಿನ ಹುಡುಗಿ, ಇದ್ದಕ್ಕಿದ್ದಂತೆ ಕೇಳಿಬಿಟ್ಟಳು: "ಸರ್, ಟೀವ್ಯಾಗ ಮುಟ್ಟಿಲ್ಲ ಅಂತ ತೋರಿಸ್ಯಾರಲ್ರಿ. ಮತ್ತ ನೀವು ಕೈ ಯಾಕ ಎತ್ತಿದ್ರಿ?"

ಎಲ್ಲರೂ ತಿನ್ನುವುದು ನಿಲ್ಲಿಸಿದರು. ಆರೇಳು ವರ್ಷದಲ್ಲಿ ಯಾರೂ ಅವನನ್ನು ಹಾಗೆ ನೇರವಾಗಿ ಕೇಳಿರಲಿಲ್ಲ. ಅವನು ಸಿಟ್ಟಾಗಲಿಲ್ಲ.

"ನಾ ಹದಿನೆಂಟು ವರ್ಷದಂವ ಇದ್ದಾಗ, ಇದೇ ಜಾಗದಾಗ, ಒಬ್ಬ ಗೆಳೆಯಾ ನನ್ನ ಬೆರಳು ಮುಟ್ಟಿ ಹೋದ. ನನಗ ಗೊತ್ತೇ ಆಗಿಲ್ಲ. ಅಂವ ಹೇಳ್ದಾಗ್ಲೇ ಗೊತ್ತಾಗಿದ್ದು. ಅವತ್ತಿನಿಂದ ನನ್ನ ಬೆರಳಿನ ಮ್ಯಾಲ ನನಗ ಭರವಸಿ ಇಲ್ಲ ನೋಡ್ರಿ. ಮುಟ್ಟಿದ್ದು ಗೊತ್ತಾಗದಂಗ ಮುಟ್ಟೂದೂ ಇರ್ತದ. ಅದಕ್ಕ ನೀವೂ ನೆನಪಿಡ್ರಿ, ಸಂಶಯ ಬಂದ್ರ ಕೈ ಎತ್ರಿ."

ಹುಡುಗಿಯರು ತಲೆಯಾಡಿಸಿದರು. ಆ ಗೆಳೆಯ ಯಾರೆಂದು ಅವನು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನನ್ನ ಮಾನ ಕಾಪಾಡಲೆಂದಲ್ಲ, ಅದರಲ್ಲಿ ಕಾಪಾಡುವಂಥದ್ದೇನಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ನಾನು ಕೈಯಲ್ಲಿದ್ದ ಸೂಸಲಾ ಕೆಳಗಿಟ್ಟೆ. ಆರೇಳು ವರ್ಷದ ಗುಮಾನಿ ಈಗ ಗುಮಾನಿಯಾಗಿ ಉಳಿದಿರಲಿಲ್ಲ.

ಹುಡುಗಿಯರು ಹೋದ ಮೇಲೆ ಅವನು ಹುಡಿಯ ಡಬ್ಬಿ ಹಿಡಿದು ಅಳಿಸಿಹೋದ ಗೆರೆಗಳನ್ನು ತುಂಬುತ್ತಿದ್ದ. ನಾನು ಹಿಂದೆ ಹಿಂದೆ ನಡೆದೆ.

"ಅಣ್ಣ, ಅವತ್ತು ಮುಟ್ಟಿದ್ದಿಲ್ಲ," ಎಂದೆ.

"ಯಾವತ್ತು?"

"ಹಾಸ್ಟೆಲ್ ಕೋಚ್ ಬಂದಾಗ. ನಾ ಸುಳ್ಳು ಹೇಳ್ದೆ. ನನ್ನ ಕಾಲು ನಿನಗ ಹತ್ತೇ ಇಲ್ಲ."

ಅಷ್ಟರಲ್ಲಿ ಗೂಡ್ಸ್ ರೈಲು ಬಂತು. ನಮ್ಮ ಅಂಗಳದಲ್ಲಿ ರೈಲು ಬಂದರೆ ಮಾತು ನಿಲ್ಲುತ್ತದೆ, ಯಾರಿಗೂ ಏನೂ ಕೇಳುವುದಿಲ್ಲ. ಸಿಮೆಂಟಿನ ವ್ಯಾಗನ್ನುಗಳು ಒಂದರ ಹಿಂದೆ ಒಂದು ಹೋಗುತ್ತಲೇ ಇದ್ದವು. ಅವನು ಡಬ್ಬಿ ಹಿಡಿದುಕೊಂಡು ಹಾಗೇ ನಿಂತಿದ್ದ. ಅಷ್ಟು ಉದ್ದದ ರೈಲನ್ನು ನಾನು ನನ್ನ ಜನ್ಮದಲ್ಲಿ ಕಂಡಿಲ್ಲ. ಕೊನೆಯ ವ್ಯಾಗನ್ ಹೋಯಿತು, ಸದ್ದು ಹೋಯಿತು.

ಅವನು ತನ್ನ ಲೀಗಿನ ಮಾತು ಎತ್ತುತ್ತಾನೆ, ಬೈಯುತ್ತಾನೆ, ಹೊಡೆದರೂ ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ಹೇಳಿದ್ದು ಬೇರೆ.

"ಹಂಗಾದ್ರ ನಾ ಈ ಹುಡುಗ್ಯಾರಿಗೆ ತಪ್ಪು ಕಲಿಸೀನಲ್ಲೋ," ಎಂದ. "ಸಂಶಯ ಬಂದ್ರ ಎತ್ರಿ ಅಂತ ಹೇಳ್ಕೋತ ಬಂದೀನಿ. ನಾಳೆ ಇವರೂ ನನ್ನಂಗ..." ಮಾತು ಅಲ್ಲಿಗೇ ನಿಂತಿತು. ಡಬ್ಬಿಯನ್ನು ಎಡಗೈಯಿಂದ ಬಿಡಿಸಿ ಕೆಳಗಿಟ್ಟ. "ನಾಳೆ ಬಾ. ನೀನೇ ಹೇಳು ಅವರಿಗೆ. ನನ್ನ ಬಾಯಿಲೆ ಬ್ಯಾಡ."

ಮಾರನೇ ದಿನ ಹೋದೆ. ಹೋಗದೆ ಇರಬಹುದಿತ್ತು, ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಬಿಟ್ಟೆ ಕೂಡ. ಹನ್ನೆರಡು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಅವನು ದೂರ ಹೋಗಿ ನಿಂತ. ನಾನು ಕೊರಳಿನ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡು ಎಲ್ಲವನ್ನೂ ಹೇಳಿದೆ: ಟ್ರ್ಯಾಕ್ ಸೂಟು, ಕೊನೆಯ ದಾಳಿ, ಗಾಳಿಯಲ್ಲಿ ಹೋದ ಕಾಲು, ಖರೇ ಅಣ್ಣ ಎಂದದ್ದು. ಮಕ್ಕಳಿಗೆ ಶಿಸ್ತಿನ ಬಗ್ಗೆ ಭಾಷಣ ಮಾಡಿ ಅಭ್ಯಾಸವಾದ ದನಿ ಅರ್ಧದಲ್ಲೇ ಕೈಕೊಟ್ಟಿತು. ಅವರಲ್ಲಿ ಒಬ್ಬಳೂ ನನ್ನ ಮುಖ ನೋಡುತ್ತಿರಲಿಲ್ಲ. ಹನ್ನೆರಡೂ ಜನ ನನ್ನ ಪಾದ ನೋಡುತ್ತಿದ್ದರು. ಕಾರ್ನರಣ್ಣ ಎಷ್ಟು ಚೆನ್ನಾಗಿ ಕಲಿಸಿದ್ದಾನೆ ಎಂದು ಆಗ ಗೊತ್ತಾಯಿತು.

ನಾನು ಮುಗಿಸಿದ ಮೇಲೆ ಅವನು ಹತ್ತಿರ ಬಂದು ಅಷ್ಟೇ ಹೇಳಿದ: "ಮುಟ್ಟಿದ್ರ ಎತ್ರಿ. ಯಾರೂ ನೋಡ್ಲಿಲ್ಲಂದ್ರೂ ಎತ್ರಿ. ಸಂಶಯ ಬಂದ್ರ ನಿಲ್ರಿ. ನಿಮ್ಮ ಬೆರಳು ನಂಬ್ರಿ." ನಾಯಕಿ "ಹೂಂ ಸರ್" ಎಂದಳು. ಹೋಗುವಾಗ ನನಗೆ ನಮಸ್ಕಾರ ಮಾಡಲಿಲ್ಲ. ಅದು ನ್ಯಾಯವೇ.

ಇನ್ನೇನು ನಾನೂ ಹೊರಡಬೇಕು, ಆಗ ಅವನು "ಲೇ" ಎಂದ. ಎಷ್ಟೋ ವರ್ಷದ ಮೇಲೆ ಮಾಸ್ತರ್ರ ಹೋಗಿ ಲೇ ಬಂದಿತ್ತು. "ಬೂಟು ಬಿಚ್ಚು."

ಬಿಚ್ಚಿದೆ. ಅವನು ಅಂಗಿಯ ತೋಳು ಮಡಚಿಕೊಂಡು ಎಡ ಮೂಲೆಗೆ ಹೋಗಿ ಬಗ್ಗಿ ನಿಂತ. ಒಂಟಿಯಾಗಿ, ಪಕ್ಕದಲ್ಲಿ ಇನ್ನಾರು ಜನ ಇದ್ದಾರೇನೋ ಎನ್ನುವಂತೆ ಅವರ ಜಾಗ ಬಿಟ್ಟು ನಿಂತ. ಕಣ್ಣು ನನ್ನ ಪಾದದ ಮೇಲೆ.

"ಬಾ. ಇವತ್ತು ಖರೇ ಮುಟ್ಟು."

ನಡುಗೆರೆ ದಾಟಿ ಕಬಡ್ಡಿ ಕಬಡ್ಡಿ ಎನ್ನುತ್ತ ಹೋದೆ. ಬೊಜ್ಜು ಕುಣಿಯುತ್ತಿತ್ತು, ನಾಲ್ಕು ಹೆಜ್ಜೆಗೇ ಉಸಿರು ಸಾಕಾಯಿತು. ಆದರೂ ನಾಚಿಕೆಯಿಲ್ಲದೆ ಹೇಳುತ್ತೇನೆ, ಮುಟ್ಟಬೇಕು ಎಂದೇ ಹೋದೆ. ಸುಮ್ಮನೆ ಹಿಡಿಸಿಕೊಂಡಿದ್ದರೆ ಅದು ಇನ್ನೊಂದು ಸುಳ್ಳಾಗುತ್ತಿತ್ತು. ಹಳೆಯ ಹಾಗೇ ಬಲಕ್ಕೆ ಸೋಗು ಹಾಕಿ ಎಡಕ್ಕೆ ಒದ್ದೆ. ಗಾಳಿಯಲ್ಲಿ ಹೋಗುವ ಮೊದಲೇ ಕಾಲು ನಿಂತಿತು. ನಾನು ಮಕಾಡೆ ಕಪ್ಪು ಮಣ್ಣಿಗೆ ಬಿದ್ದೆ.

ತೆವಳಿದೆ, ಎಳೆದೆ, ನಡುಗೆರೆಯ ಕಡೆ ಕೈ ಚಾಚಿದೆ. ಗಿಣ್ಣು ಕಲ್ಲಿನೊಳಗೆ ಸಿಕ್ಕಂತಿತ್ತು. ಕಬಡ್ಡಿ ಎನ್ನಲು ಉಸಿರು ಉಳಿಯಲಿಲ್ಲ. ಮಣ್ಣಿನಲ್ಲಿ ಮುಖವಿಟ್ಟು ಅತ್ತುಬಿಟ್ಟೆ. ನಲವತ್ತರ ಹತ್ತಿರ ಬಂದ ಗಂಡಸು, ಎರಡು ಮಕ್ಕಳ ತಂದೆ, ಗೊರಗೊರ ಸದ್ದು ಮಾಡಿ ಅತ್ತೆ. ಅವನು ಹಿಡಿದೇ ಇದ್ದ. ಅವನು ನನ್ನ ಕಾಲಿನ ಮೇಲೆ ಹಣೆ ಇಟ್ಟದ್ದು ಬಟ್ಟೆಯ ಮೇಲಿನಿಂದಲೇ ತಿಳಿಯಿತು.

ಎಷ್ಟು ಹೊತ್ತಾಯಿತೋ. ಗಿಣ್ಣು ನೋಯತೊಡಗಿತು.

"ತಪ್ಪಾತಣ್ಣ," ಎಂದೆ. "ಬಿಡು."

"ಬಿಟ್ಟೀನೋ," ಎಂದ ಅವನು. ದನಿ ಒದ್ದೆಯಾಗಿತ್ತು. "ಯಾವಾಗೋ ಬಿಟ್ಟೀನಿ. ಬೆರಳು ಬಿಡವಲ್ಲವು. ಎದ್ದು ನೀನೇ ಬಿಡಿಸ್ಕೋ."

ನಾನು ಎದ್ದು ಕೂತೆ. ಅವನ ಎರಡು ಬೆರಳು ನನ್ನ ಗಿಣ್ಣಿನ ಸುತ್ತ, ಚಹಾದ ಕಪ್ಪಿನ ಸುತ್ತ ಕೂರುವ ಹಾಗೆ, ಗಟ್ಟಿಯಾಗಿ ಕೂತಿದ್ದವು. ಮೊದಲು ಉಂಗುರ ಬೆರಳು ಬಿಡಿಸಿದೆ. ಆಮೇಲೆ, ನಾನು ಅವತ್ತು ಮುಟ್ಟಿದ್ದೇನೆ ಎಂದು ಹೇಳಿದ್ದ ಆ ಕಿರುಬೆರಳನ್ನು, ನೋವಾಗದ ಹಾಗೆ, ಎರಡೂ ಕೈಯಿಂದ ಮುಟ್ಟಿದೆ.